‘ಈಗ ಬೇಡ’ ಎನ್ನಲು ಜಾಗವಿಲ್ಲದ ಆ್ಯಪ್

ಮೊಳಕಾಲ್ಮೂರಿನ ನೇಕಾರರಿಗಾಗಿ ನಾವು ಮಾಡಿದ ಆ್ಯಪಿನಲ್ಲಿ ಪ್ರತಿ ಪರದೆಯ ಕೆಳಗೂ ‘ಮುಂದುವರಿಯಿರಿ’ ಎಂಬ ಹಸಿರು ಬಟನ್ ಇತ್ತು. ‘ಈಗ ಬೇಡ’ ಎನ್ನುವ ಬಟನ್ ಎಲ್ಲೂ ಇರಲಿಲ್ಲ. ಅದೊಂದು ಬಟನ್‌ಗಾಗಿ ನಾನು ಆಫೀಸಿನಲ್ಲಿ ಎಲ್ಲರ ಕೈಲೂ ಕೆಟ್ಟವಳಾದೆ.

ನಮ್ಮ ಆಫೀಸು ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿ ಮೇಲಿತ್ತು. ಫೋನಿನ ಪರದೆಯ ಮೇಲೆ ಏನು ಎಲ್ಲಿರಬೇಕು, ಯಾವುದನ್ನು ಒತ್ತಿದರೆ ಏನಾಗಬೇಕು, ಯಾವ ಮಾತು ಬರೆದಿರಬೇಕು ಎಂದು ಯೋಚಿಸಿ ಚಿತ್ರ ಬರೆದು ಕೊಡುವುದು ನನ್ನ ಕೆಲಸ. ಡಿಸೈನರ್ ಅಂದರೆ ಬ್ಲೌಸ್ ಹೊಲಿಯುವವಳು ಅಂದುಕೊಂಡು ನಮ್ಮ ಬೀದಿಯ ಹೆಂಗಸರು ಅಳತೆ ಕೊಡಲು ಬಂದದ್ದೂ ಉಂಟು. ಈ ಆ್ಯಪಿನ ಉದ್ದೇಶವೇನೋ ಒಳ್ಳೆಯದೇ. ಮೊಳಕಾಲ್ಮೂರಿನಲ್ಲಿ ಬಹಳಷ್ಟು ಮಗ್ಗಗಳು ಸಾಹುಕಾರರ ಕೈಯಲ್ಲಿವೆ. ಸಾಹುಕಾರ ರೇಷ್ಮೆ, ಜರಿ ಕೊಡುತ್ತಾನೆ, ನೇಯ್ದವರು ಕೂಲಿ ತಗೊಳ್ಳುತ್ತಾರೆ, ಸೀರೆ ಅವನ ಹೆಸರಿನಲ್ಲಿ ಹೋಗುತ್ತದೆ. ಅದನ್ನು ತಪ್ಪಿಸಿ ನೇಕಾರರೇ ಕೊಳ್ಳುವವರಿಗೆ ನೇರವಾಗಿ ಮಾರಲಿ ಎಂದು ಆ್ಯಪ್. ಹಣ ಹಾಕಿದವರು ಎಲ್ಲೋ ದೂರದವರು. ಮಾಡಿಸುವ ಹೊಣೆ ನಮ್ಮ ಮ್ಯಾನೇಜರ್‌ದು.

ಬಳಸುವವರನ್ನು ಹೋಗಿ ನೋಡದೆ ಒಂದು ಗೆರೆಯನ್ನೂ ಎಳೆಯಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಮ್ಯಾನೇಜರ್‌ಗೆ ಅದು ದಂಡದ ತಿರುಗಾಟ ಅನ್ನಿಸಿತು. “ನೇಕಾರರೂ ಎಲ್ಲರ ಹಂಗೇ ಫೋನ್ ಒತ್ತುತಾರೆ, ಅವ್ರಿಗೇನು ಬೇರೆ ಬೆರಳು ಐತೇನ್ರಿ?” ಅಂದರು. ಬಸ್ ಚಾರ್ಜು ನಾನೇ ಹಾಕಿಕೊಳ್ಳುತ್ತೇನೆ ಅಂದ ಮೇಲೆ ಹೂಂ ಅಂದರು. ತಳಕು, ಹಾನಗಲ್ ದಾಟಿ ಬಸ್ಸು ಮೊಳಕಾಲ್ಮೂರು ಸೇರಿತು. ನೇಕಾರರ ಬೀದಿಗೆ ಕಾಲಿಟ್ಟರೆ ಪ್ರತಿ ಮನೆಯೊಳಗಿಂದಲೂ ಮಗ್ಗದ ಸದ್ದು. ಆ ಸದ್ದಿನ ನಡುವೆ ಯಾರನ್ನಾದರೂ ಕರೆಯಬೇಕಾದರೆ ಕೂಗಬೇಕು.

ನಾನು ಹೆಚ್ಚು ಹೊತ್ತು ಕಳೆದದ್ದು ಒಬ್ಬ ಹೆಣ್ಣುಮಗಳ ಮನೆಯಲ್ಲಿ. ನಲವತ್ತರ ಆಸುಪಾಸು. ಗಂಡನಿಗೆ ರಾಯದುರ್ಗದಲ್ಲಿ ಪ್ಯಾಂಟು ಹೊಲಿಯುವ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ಮತ್ತು ಕಾಲೇಜಿಗೆ ಹೋಗುವ ಮಗಳು. ಮನೆ ಮಾತು ತೆಲುಗು, ಓದಿದ್ದು ಕನ್ನಡ ಶಾಲೆ. ನಡುಮನೆಯ ನೆಲದಲ್ಲಿ ಅಗೆದ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು ಆಕೆ ನೇಯುತ್ತಿದ್ದರು.

ನಾನು ಒಳಗೆ ಬಂದದ್ದೇ ತಡ, ಆಕೆ ಪಕ್ಕದಲ್ಲಿದ್ದ ಹಳೆಯ ಪಂಚೆಯನ್ನು ಎಳೆದು ನೇಯ್ದಷ್ಟು ಭಾಗವನ್ನು ಮುಚ್ಚಿಬಿಟ್ಟರು. ಧೂಳಿಗೆ ಇರಬೇಕು ಅಂದುಕೊಂಡೆ. ಮೂಲೆಯಲ್ಲಿ ದಾರ ಸುತ್ತುತ್ತಿದ್ದ ಅತ್ತೆ, “ದಿಷ್ಟಿ ತಗುಲುತುಂದಮ್ಮಾ” ಅಂದರು. ಕಣ್ಣು ಬೀಳುತ್ತದೆ ಅಂತ.

ಸೊಸೆ ನಕ್ಕರು. “ಅರ್ಧ ಆಗಿರೋ ಸೀರೆ ಹೊರಗಿನೋರಿಗೆ ತೋರ್ಸಲ್ಲ ನಾವು. ನಮ್ಮ ಬೀದಿಯಾಗೆ ಯಾರೂ ತೋರ್ಸಲ್ಲ. ಮುಗೀಲಿ, ಅರಿಶಿನ ಕುಂಕುಮ ಹಚ್ಚಿ ಮಗ್ಗದಿಂದ ಕತ್ತರಿಸ್ತೀವಿ. ಆಮ್ಯಾಲೆ ಊರೇ ನೋಡ್ಲಿ.”

ದೃಷ್ಟಿಯ ಮಾತನ್ನು ಆಫೀಸಿನವರು ನಂಬಲಿ ಬಿಡಲಿ, ಇನ್ನೊಂದು ಕಾರಣ ಕಣ್ಣಿಗೇ ಕಾಣುವಂತಿತ್ತು. ಹೊರಡುವ ಹೊತ್ತಿಗೆ ಸ್ವಲ್ಪ ಸಲಿಗೆ ಬೆಳೆದು ಆಕೆ ಪಂಚೆ ಸರಿಸಿದರು. ಬುಟ್ಟಾ ಹಾಕಿದ ಸೀರೆಯನ್ನು ತಲೆಕೆಳಗಾಗಿ ನೇಯುತ್ತಾರೆ. ಚೆಂದದ ಮುಖ ನೆಲದ ಕಡೆ, ಹಿಂಬದಿ ಮೇಲೆ. ಜರಿಯ, ಬಣ್ಣದ ದಾರಗಳ ತುದಿಗಳೆಲ್ಲ ಮೇಲೆ ಎದ್ದು, ಬೆಕ್ಕು ಪರಚಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಕೆಳಗೆ ಕೈ ಹಾಕಿ ಸವರಿ ನೋಡಿದೆ, ಬೆಣ್ಣೆಯಂತಿತ್ತು. ಎರಡು ಕಾರಣಗಳನ್ನೂ ಟಿಪ್ಪಣಿ ಮಾಡಿಕೊಂಡು ಬಂದೆ.

ಮುಂದಿನ ಸಲ ಹೋಗುವಾಗ ರಟ್ಟಿನ ತುಂಡುಗಳನ್ನು ಫೋನಿನ ಅಳತೆಗೆ ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಪರದೆ ಬರೆದುಕೊಂಡು ಹೋದೆ. ಕಂಪ್ಯೂಟರಿನಲ್ಲಿ ಮಾಡುವ ಮೊದಲು ಹೀಗೆ ಪರೀಕ್ಷೆ ಮಾಡುತ್ತೇವೆ. ರಟ್ಟನ್ನು ಮುಂದೆ ಹಿಡಿದು, ಇದರಲ್ಲಿ ಏನು ಒತ್ತುತ್ತೀರಿ, ಯಾಕೆ ಅಂತ ಕೇಳುವುದು. ಎಲ್ಲಿ ಬೆರಳು ತಡೆಯುತ್ತದೋ ಅಲ್ಲಿ ನಮ್ಮ ತಪ್ಪಿದೆ ಅಂತ ಅರ್ಥ. ಹೆಸರು, ಊರು, ಸೀರೆಯ ಬಣ್ಣ, ಅಂಚಿನ ಅಗಲ, ಎಲ್ಲ ಸಲೀಸಾಗಿ ದಾಟಿದರು. ಬೆರಳು ನಿಂತದ್ದು ‘ಇಂದಿನ ಮಗ್ಗದ ಫೋಟೋ’ ಎಂಬ ಪರದೆಯಲ್ಲಿ. ಅದು ಮ್ಯಾನೇಜರ್ ತಲೆಯಲ್ಲಿ ಹುಟ್ಟಿದ್ದು. ಆರ್ಡರ್ ಬಂದ ಮೇಲೆ ನೇಕಾರರು ದಿನಾ ಮಗ್ಗದ ಮೇಲಿನ ಸೀರೆಯ ಫೋಟೋ ಹಾಕಬೇಕು, ಕೊಳ್ಳುವವರು ತಮ್ಮ ಸೀರೆ ಬೆಳೆಯುವುದನ್ನು ಕೂತಲ್ಲೇ ನೋಡಿ ಖುಷಿಪಡಬೇಕು. ಫೋಟೋ ಹಾಕದೆ ಹಸಿರು ಬಟನ್ ಕೆಲಸ ಮಾಡುವುದಿಲ್ಲ.

ಆಕೆ ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬ್ಯಾಡ ಅನ್ನಾಕೆ ಎಲ್ಲಿ ಒತ್ತಬೇಕ್ರಿ?”

ನಾನು ಅಲ್ಲೇ ಪೆನ್ಸಿಲ್ ತೆಗೆದು ಹಸಿರು ಬಟನ್ನಿನ ಕೆಳಗೆ ‘ಈಗ ಬೇಡ’ ಅಂತ ಬರೆದೆ. ಬರೆದ ಕೈ ತೆಗೆಯುವ ಮೊದಲೇ ಆಕೆಯ ಬೆರಳು ಅದರ ಮೇಲಿತ್ತು. ಆ ಬೀದಿಯ ಉಳಿದ ಮನೆಗಳಲ್ಲೂ ಅದೇ ಆಯಿತು.

ಚಳ್ಳಕೆರೆಗೆ ಬಂದು ವರದಿ ಬರೆದೆ. ದಿನದ ಫೋಟೋ ಬೇಡ, ಸೀರೆ ಕತ್ತರಿಸಿದ ಮೇಲೆ ಒಂದೇ ಸಲ ಚೆಂದದ ಫೋಟೋ ಹಾಕಲಿ. ಇರಲೇಬೇಕು ಅಂದರೆ ‘ಈಗ ಬೇಡ’ ಬಟನ್ ಕೊಡಿ ಅಂದೆ. ಮ್ಯಾನೇಜರ್ ಮೀಟಿಂಗ್ ಕರೆದರು. ಗೋಡೆಯ ಮೇಲೆ ಅವರ ಪ್ರೆಸೆಂಟೇಷನ್, ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ‘ಬಳಕೆದಾರರೇ ನಮ್ಮ ಕೇಂದ್ರ’.

“ಬಳಕೆದಾರರು ಅಂದ್ರೆ ಯಾರು ಹೇಳ್ರಿ? ದುಡ್ಡು ಕೊಟ್ಟು ಕೊಳ್ಳೋರು. ನೇಕಾರರು ಸಪ್ಲೈ ಕಡೆಯೋರು. ಕೊಳ್ಳೋರಿಗೆ ಫೋಟೋ ಬೇಕು.”

“ಕೊಳ್ಳೋರನ್ನ ಯಾರಾದ್ರೂ ಕೇಳಿದೀರಾ ಸಾರ್?”

“ಕೇಳೋದೇನೈತೆ, ಗೊತ್ತಿರೋದೇ. ನೀವು ಬೇಡ ಅನ್ನೋ ಬಟನ್ ಕೊಟ್ರೆ ಎಲ್ರೂ ಅದನ್ನೇ ಒತ್ತುತಾರೆ.”

“ಎಲ್ರೂ ಒತ್ತುತಾರೆ ಅಂತ ಗೊತ್ತಿದ್ರೆ, ಅದು ಬೇಕು ಅಂತಾನೇ ಅಲ್ವಾ ಸಾರ್?”

ಕೋಡ್ ಬರೆಯುವ ಡೆವಲಪರ್, ದಿನಾ ನಾಯಕನಹಟ್ಟಿಯಿಂದ ಬಸ್ಸಿನಲ್ಲಿ ಬರುವವನು, ನಕ್ಕ. ಮ್ಯಾನೇಜರ್ ಮುಖ ನೋಡಿ ನಗು ನುಂಗಿಕೊಂಡ. ಹೋಗಲಿ, ಫೋಟೋದ ಕೆಳಗೆ ‘ಇದು ಸೀರೆಯ ಹಿಂಬದಿ, ಮುಖ ಕೆಳಗಡೆ ಇದೆ’ ಅಂತ ಒಂದು ಸಾಲನ್ನಾದರೂ ಹಾಕೋಣ ಅಂದೆ. ಹಿಂಬದಿ ಅನ್ನುವ ಪದವೇ ಅಪಶಕುನದ ಹಾಗೆ ಕೇಳುತ್ತದೆ, ಕೊಳ್ಳುವವರು ಓಡಿಹೋಗುತ್ತಾರೆ ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಆ್ಯಪ್ ಫೋಟೋ ಪರದೆಯೊಂದಿಗೇ ಹೊರಗೆ ಬಂತು.

ಅದನ್ನು ಫೋನಿಗೆ ಹಾಕಿಕೊಡಲು ಮೊಳಕಾಲ್ಮೂರಿಗೆ ಹೋದಾಗ ಆಕೆ ಕೇಳಿದರು, “ಇದನ್ನ ನಂಬಿ ಸಾವ್ಕಾರ್ರ ಕೆಲ್ಸ ಬಿಡಬೋದೇನ್ರಿ?”

“ಪೂರ್ತಿ ಬಿಡಬ್ಯಾಡ್ರಿ ಅಕ್ಕ. ಫೋಟೋ ವಿಷ್ಯ ನಾನು ಹೇಳಿದ್ರೂ ಕೇಳಿಲ್ಲ. ಮೊದ್ಲು ಒಂದು ಸೀರೆ ಹಾಕಿ ನೋಡ್ರಿ.”

“ಇರೋದು ಒಂದೇ ಮಗ್ಗ. ಅರ್ಧ ಅವ್ರ ಹಾಸು, ಅರ್ಧ ನಂದು ಅಂತ ಕಟ್ಟಾಕ್ಕಾಗ್ತೈತೇನ್ರಿ?”

ಮಾತು ನಿಜ. ಹಾಸು ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ದಾರ. ಒಮ್ಮೆ ಬಿಗಿದರೆ ಅದು ಮುಗಿಯುವ ತನಕ ಮಗ್ಗ ಅದರದ್ದೇ. ಸಾಹುಕಾರನನ್ನೂ ಆ್ಯಪನ್ನೂ ಒಟ್ಟಿಗೆ ನೆಚ್ಚುವ ದಾರಿ ಆಕೆಗೆ ಇರಲಿಲ್ಲ. ಆದರೂ ಅಂದರು, “ಮದುವೆ ಆಗಿ ಬಂದಾಗಿಂದ ನೇಯ್ತಾನೇ ಇದೀನಿ. ನಾನು ನೇಯ್ದ ಸೀರೆ ಯಾರು ಉಟ್ರು, ಯಾವೂರಿಗೆ ಹೋಯ್ತು, ಒಂದಿನಾನೂ ಗೊತ್ತಾಗಿಲ್ಲ. ಒಂದ್ಸಲ ನನ್ನ ಹೆಸ್ರಾಗೆ ಹೋಗ್ಲಿ.”

ಸಾಹುಕಾರನ ಹಾಸು ಮುಗಿಸಿ, ಉಳಿದ ರೇಷ್ಮೆಯನ್ನು ಲೆಕ್ಕದಂತೆ ಹಿಂದಿರುಗಿಸಿ ಬಂದರು. ಅವನು ಜಗಳವಾಡಲಿಲ್ಲವಂತೆ. “ಹೋಗೋ ಬಾಗಿಲು ಯಾವಾಗ್ಲೂ ದೊಡ್ಡದಿರ್ತೈತಮ್ಮ” ಅಂದನಂತೆ, ಅಷ್ಟೆ. ಆಕೆ ತಮ್ಮದೇ ರೇಷ್ಮೆ ತಂದು ತಮ್ಮದೇ ಕಲ್ಪನೆಯ ಸೀರೆ ಶುರು ಮಾಡಿದರು. ನೇರಳೆ ಬಣ್ಣದ ಒಡಲು, ಅಗಲವಾದ ಹಳದಿ ಅಂಚು, ಅಂಚಿನಲ್ಲಿ ಗಿಣಿಗಳು. ಎಲ್ಲ ಗಿಣಿಗಳೂ ಒಂದೇ ಕಡೆ ನೋಡುವುದು ವಾಡಿಕೆ. ಇವರು ಎರಡೆರಡನ್ನು ಮುಖಾಮುಖಿ ಕೂರಿಸಿದ್ದರು. ಆ್ಯಪಿನಲ್ಲಿ ಹಾಕಿದ ಬಣ್ಣ, ಅಂಚಿನ ವಿವರ ನೋಡಿ, ಮದುವೆಗೆಂದು ಒಬ್ಬ ತಾಯಿ ಅದನ್ನು ಆರ್ಡರ್ ಮಾಡಿದಳು. ಆ ದಿನ ಆಕೆ ನನಗೆ ಫೋನ್ ಮಾಡಿ ಕೊಳ್ಳುವವಳ ಊರಿನ ಹೆಸರನ್ನು ಮತ್ತೆ ಮತ್ತೆ ಹೇಳಿದರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಫೋಟೋದ ಕಷ್ಟ ಮರುದಿನದಿಂದಲೇ ಶುರುವಾಯಿತು. ಮನೆಯಲ್ಲಿ ಫೋನ್ ಒಂದೇ, ಅದು ಮಗಳ ಜೊತೆ ಕಾಲೇಜಿಗೆ ಹೋಗುತ್ತಿತ್ತು. ಅವಳು ಬರುವ ಹೊತ್ತಿಗೆ ನಡುಮನೆಯಲ್ಲಿ ಬೆಳಕು ಸಾಲದು. ಆ್ಯಪ್ ‘ಫೋಟೋ ಸ್ಪಷ್ಟವಾಗಿಲ್ಲ, ಮತ್ತೆ ತೆಗೆಯಿರಿ’ ಅನ್ನುತ್ತಿತ್ತು. ಆಕೆ ಗುಂಡಿಯಿಂದ ಎದ್ದು, ಬಲ್ಬನ್ನು ಎಳೆದು ಕಟ್ಟಿ, ಪಂಚೆ ಸರಿಸಿ, ಮತ್ತೆ ಮತ್ತೆ ತೆಗೆಯಬೇಕು. ಸೊಸೆ ಪಂಚೆ ಸರಿಸಿದಾಗಲೆಲ್ಲ ಅತ್ತೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರಂತೆ. ಕಡೆಗೂ ಒಂದು ಫೋಟೋವನ್ನು ಆ್ಯಪ್ ಒಪ್ಪಿಕೊಂಡಿತು. ಚೆನ್ನಾಗಿ ಬೆಳಕು ಬಿದ್ದು, ಹಿಂಬದಿಯ ಒಂದೊಂದು ದಾರದ ತುದಿಯೂ ಎದ್ದು ಕಾಣುವಂತಿತ್ತು.

ಕೊಳ್ಳುವವಳು ಅದನ್ನು ನೋಡಿದಳು. ‘ದಾರ ಎಲ್ಲ ಕಿತ್ತು ಬಂದಿದೆ, ಮದುವೆಗೆ ಇಂಥ ಸೀರೆ ಬೇಡ’ ಎಂದು ಬರೆದು ಆರ್ಡರ್ ರದ್ದು ಮಾಡಿದಳು. ಅವಳನ್ನು ನಾನು ದೂರುವುದಿಲ್ಲ. ಅದು ಹಿಂಬದಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಾವು ಹೇಳಗೊಡಲಿಲ್ಲ. ಕೊಳ್ಳುವವರ ಪರದೆಯಲ್ಲಿ ‘ಬೇಡ’ ಎನ್ನುವ ಬಟನ್ ಇತ್ತು. ದೊಡ್ಡದು, ಕೆಂಪು, ಹೆಬ್ಬೆರಳಿಗೆ ಸಿಗುವ ಜಾಗದಲ್ಲಿ. ಒಮ್ಮೆ ಒತ್ತಿದರೆ ಮುಗಿಯಿತು, ಮರುಪ್ರಶ್ನೆಯೂ ಇಲ್ಲ. ಅದಕ್ಕಾಗಿ ಆಫೀಸಿನಲ್ಲಿ ಯಾರೂ ಜಗಳವಾಡಬೇಕಾಗಿರಲಿಲ್ಲ.

“ಮೇಡಮ್, ಆರ್ಡ್ರು ಹೋಯ್ತು ಅಂತ ತೋರಿಸ್ತೈತೆ” ಅಂದರು ಆಕೆ ಫೋನಿನಲ್ಲಿ. “ಇನ್ನೂ ಸೆರಗೇ ಬಂದಿಲ್ಲ. ಸೆರಗು ನೋಡಿದ್ರೆ ಬ್ಯಾಡ ಅಂತಿರ್ಲಿಲ್ಲ ಆಯಮ್ಮ.”

ನಾನು ಮ್ಯಾನೇಜರ್ ಮುಂದೆ ನಿಂತೆ. ಕೊಳ್ಳುವವಳಿಗೆ ಒಂದು ಮಾತು ಬರೆದು ತಿಳಿಸೋಣ, ತಪ್ಪು ನಮ್ಮದು ಅಂದೆ. ನಿಯಮದಲ್ಲಿ ಇಲ್ಲ ಅಂದರು. ಮೇಲಿನವರನ್ನು ಕೇಳಿ ಅಂದೆ. ಮೇಲಿನವರು ಉತ್ತರಿಸಿ, ನಾವು ಬರೆಯುವಷ್ಟರಲ್ಲಿ ಆ ತಾಯಿ ಬೇರೆ ಕಡೆ ಸೀರೆ ಕೊಂಡಾಗಿತ್ತು.

ಅದರ ಮೇಲೆ ಇನ್ನೊಂದು ಬರೆ. ಆರ್ಡರ್ ರದ್ದಾದದ್ದನ್ನು ನೋಡಿ ಹಣ ಹಾಕಿದವರು ಕೇಳಿದರಂತೆ, ಗುಣಮಟ್ಟಕ್ಕೆ ಏನು ಮಾಡಿದ್ದೀರಿ ಅಂತ. ಮ್ಯಾನೇಜರ್ ನನ್ನನ್ನು ಕರೆದು, ದೂರು ಬಂದ ನೇಕಾರರ ಹೆಸರಿನ ಪಕ್ಕ ಒಂದು ಕೆಂಪು ಗುರುತು ಬರುವ ಹಾಗೆ ಪರದೆ ಬರೆದುಕೊಡಿ ಅಂದರು. ಆ ಗುರುತು ಇದ್ದವರ ಸೀರೆ ಪಟ್ಟಿಯ ಕೆಳಗೆ ಹೋಗುತ್ತದೆ. ನಾನು ಮಾತಾಡುವ ಮೊದಲೇ ಕೈ ಎತ್ತಿ ತಡೆದರು.

“ಇದನ್ನ ಬರ್ಕೊಡ್ರಿ. ಮುಂದಿನ ಸಲ ನಿಮ್ಮ ‘ಈಗ ಬೇಡ’ ಬಟನ್ ನಾನೇ ಹಾಕಿಸ್ತೀನಿ. ಇಬ್ರಿಗೂ ನ್ಯಾಯ ಆಯ್ತಲ್ಲ.”

ಯೋಚಿಸಿ ಹೇಳುತ್ತೇನೆ ಅಂದು ಎದ್ದು ಬಂದೆ. ಬಟನ್ ಬಂದರೆ ಆ ಬೀದಿಯ ಎಲ್ಲ ಮನೆಗಳಿಗೂ ಒಳ್ಳೆಯದು. ಕೆಂಪು ಗುರುತು ಮೊದಲು ಬೀಳುವುದು ಮಾತ್ರ ಒಂದೇ ಹೆಸರಿನ ಮೇಲೆ, ಯಾವ ತಪ್ಪನ್ನೂ ಮಾಡದ ಹೆಸರಿನ ಮೇಲೆ. ನಮ್ಮ ಅವ್ವನಿಗೆ ಹೇಳಿದೆ. ಶೇಂಗಾ ವ್ಯಾಪಾರದ ಮನೆಯ ಹೆಂಗಸು, ಕೊಡು ಕೊಳ್ಳು ಬಲ್ಲವಳು. “ಒಬ್ಬಳ ಹಣೆಗೆ ಮಸಿ ಬಳಿದು ಹತ್ತು ಮಂದಿಗೆ ಕುಂಕುಮ ಇಡ್ತೀಯಾ?” ಅಂತ ಕೇಳಿ ಒಲೆ ಕಡೆ ತಿರುಗಿದಳು. ಮಾರನೇ ದಿನ ಮ್ಯಾನೇಜರ್‌ಗೆ ಹೇಳಿದೆ, ನಾನು ಬರೆಯುವುದಿಲ್ಲ.

ನನ್ನ ದೊಡ್ಡ ತೀರ್ಮಾನದ ಬೆಲೆ ಎಷ್ಟು ಅಂತ ಆ ಮಧ್ಯಾಹ್ನವೇ ಗೊತ್ತಾಯಿತು. ಡೆವಲಪರ್ ಎಲ್ಲಿಂದಲೋ ಒಂದು ಸಿದ್ಧ ಕೆಂಪು ತ್ರಿಕೋನ ತಂದು, ಚಹಾ ಆರುವುದರೊಳಗೆ ಕೂರಿಸಿದ. “ನಾನು ಮಾಡ್ದಿದ್ರೆ ಇನ್ನೊಬ್ರು ಮಾಡ್ತಾರೆ ಮೇಡಮ್” ಅಂದ, ಪರದೆಯಿಂದ ಕಣ್ಣು ತೆಗೆಯದೆ. ಬಟನ್ನಿನ ಮಾತು ಅಲ್ಲಿಗೆ ಸತ್ತಿತು. ನನ್ನನ್ನು ಬೀಜ ಗೊಬ್ಬರದ ಅಂಗಡಿಗಳಿಗೆ ಬಿಲ್ ಮಾಡುವ ಆ್ಯಪಿನ ಕೆಲಸಕ್ಕೆ ಹಾಕಿದರು.

ಆಕೆ ಸೀರೆ ಮುಗಿಸಿದರು. ಅರಿಶಿನ ಕುಂಕುಮ ಹಚ್ಚಿ, ಕತ್ತರಿಸಿ, ಬಾಗಿಲ ಬೆಳಕಿನಲ್ಲಿ ಮಗಳ ಹೆಗಲ ಮೇಲೆ ಹಾಕಿ ಫೋಟೋ ತೆಗೆದು ಆ್ಯಪಿಗೆ ಹಾಕಿದರು. ನಾನು ಬಿಡುವಾದಾಗಲೆಲ್ಲ ತೆರೆದು ನೋಡುತ್ತಿದ್ದೆ. ಬೆರಳು ಸೋಲುವಷ್ಟು ಕೆಳಗೆ ಸರಿಸಿದರೆ ಎಲ್ಲೋ ಸಿಗುತ್ತಿತ್ತು, ಪಕ್ಕದಲ್ಲಿ ತ್ರಿಕೋನದ ಸಮೇತ. ಯಾರೂ ಕೊಳ್ಳಲಿಲ್ಲ. ಎರಡನೆಯ ಸೀರೆಗೆ ರೇಷ್ಮೆ ತರುವ ಧೈರ್ಯ ಆಕೆಗೆ ಎಲ್ಲಿಂದ ಬರಬೇಕು. ಒಂದು ದಿನ ಹೆಸರೇ ಕಾಣಲಿಲ್ಲ, ಆಕೆಯೇ ಖಾತೆ ಮುಚ್ಚಿದ್ದರು.

ಇತ್ತ ಆ್ಯಪಿನಲ್ಲಿ ಸೀರೆಗಳು ಕಡಿಮೆಯಾದವು ಅಂತ ಮ್ಯಾನೇಜರ್ ಹೊಸ ದಾರಿ ಹಿಡಿದರು. ಸಾಹುಕಾರರನ್ನೇ ಹೋಗಿ ಕರೆದರು. ಯಾರ ಕೈಯಿಂದ ತಪ್ಪಿಸಲು ಆ್ಯಪ್ ಮಾಡಿದೆವೋ ಅವರಿಗೇ ಹಾರ ಹಾಕಿ ಒಳಗೆ ಕರೆತಂದೆವು. ಬಂದ ವಾರವೇ ಒಬ್ಬ ಸಾಹುಕಾರ ಫೋನ್ ಮಾಡಿದ. ಮ್ಯಾನೇಜರ್ ಸ್ಪೀಕರ್ ಹಾಕಿದ್ದರು, ನನ್ನ ಮೇಜಿಗೂ ಕೇಳಿಸಿತು.

“ಏನ್ರಿ ಇದು, ದಿನಾ ಮಗ್ಗದ ಫೋಟೋ ಕೇಳ್ತೈತೆ? ಅವೆಲ್ಲಾ ನಮ್ಮ ಹತ್ರ ನಡಿಯಲ್ರಿ.”

“ಆಯ್ತ್ರಿ, ಆಯ್ತ್ರಿ, ಸರಿ ಮಾಡಿಸ್ತೀವಿ.”

ಮುಂದಿನ ಅಪ್‌ಡೇಟಿನಲ್ಲಿ ಬಟನ್ ಬಂತು. ಹಸಿರು ಬಟನ್ನಿನ ಕೆಳಗೆ, ಬೂದು ಬಣ್ಣದಲ್ಲಿ, ‘ಈಗ ಬೇಡ’. ಬಳಕೆದಾರರ ಮಾತಿಗೆ ನಾವು ಹೇಗೆ ಕಿವಿಗೊಡುತ್ತೇವೆ ನೋಡಿ ಅಂತ ಮ್ಯಾನೇಜರ್ ಅದನ್ನು ಮೇಲಿನವರಿಗೆ ಬರೆದು ಕಳಿಸಿದರು. ಆನೆ ನಡೆದದ್ದೇ ದಾರಿ ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ಅದಕ್ಕೆ ಬಳಕೆದಾರರ ಅಭಿಪ್ರಾಯ ಎಂದು ಹೆಸರು.

ಸ್ವಲ್ಪ ದಿನಕ್ಕೆ ಆ್ಯಪಿನ ಮೊದಲ ಪರದೆಯಲ್ಲೇ ಒಂದು ಸೀರೆ ಕಂಡಿತು. ನೇರಳೆ ಬಣ್ಣ, ಹಳದಿ ಅಂಚು, ಮುಖಾಮುಖಿ ಕೂತ ಗಿಣಿಗಳು. ಸ್ಟುಡಿಯೋ ಬೆಳಕಿನಲ್ಲಿ ಯಾರೋ ಹುಡುಗಿ ಉಟ್ಟು ನಿಂತಿದ್ದಳು. ಕೆಳಗೆ ಆಕೆಯ ಹಳೆಯ ಸಾಹುಕಾರನ ಅಂಗಡಿಯ ಹೆಸರು, ಅದರ ಕೆಳಗೆ ಚಿನ್ನದ ಬಣ್ಣದ ಅಕ್ಷರದಲ್ಲಿ ‘ನೇರ ನೇಕಾರರ ಮನೆಯಿಂದ’. ಅಂಥದ್ದೇ ಇನ್ನಷ್ಟು ಬೇಕು ಅಂತ ಆರ್ಡರ್‌ಗಳು ಬಂದಿದ್ದವು.

ಭಾನುವಾರ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಆಕೆಯ ಮನೆಯೊಳಗಿಂದ ಸದ್ದು ಬರುತ್ತಿರಲಿಲ್ಲ. ರಜೆ ಇರಬೇಕು ಅಂದುಕೊಂಡು ಒಳಗೆ ಹೋದರೆ ನಡುಮನೆಯಲ್ಲಿ ಮಗ್ಗವೇ ಇರಲಿಲ್ಲ.

“ಸಾವ್ಕಾರ್ರ ಶೆಡ್ಡಿಗೆ ಸಾಗಿಸಿದ್ರು” ಅಂದರು ಆಕೆ. “ನನ್ನ ಸೀರೆ ಕೊಂಡ್ಕೊಂಡು ಮತ್ತೆ ಕೆಲ್ಸ ಕೊಡಾಕೆ ಒಪ್ಪಿದ್ರು. ಆದ್ರೆ ಮನ್ಯಾಗೆ ನೇಯಂಗಿಲ್ಲ, ಕಣ್ಣೆದುರಿಗೇ ಇರ್ಬೇಕು ಅಂದ್ರು. ಬೆಳಿಗ್ಗೆ ಹೋಗಿ ಸಾಯಂಕಾಲ ಬರ್ತೀನಿ. ಗಿಣಿ ಸೀರೆನೇ ನೇಯ್ತಿದೀನಿ.”

“ಆ ಸೀರೆ ಆ್ಯಪಿನಲ್ಲಿ…” ಎಂದು ನಾನು ಶುರು ಮಾಡಿದೆ.

“ನೋಡಿದೆ. ಮಗಳು ತೋರಿಸಿದ್ಳು. ಚೆನ್ನಾಗಿ ಕಾಣ್ತೈತೆ.”

ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಕೈಯಲ್ಲಿ ದಾರ ಇರಲಿಲ್ಲ. ಗುಂಡಿ ಇದ್ದ ಕಡೆ ಮಣ್ಣು ತುಂಬಿ ಮೇಲೆ ಸಿಮೆಂಟು ಬಳಿದಿದ್ದರು. ಉಳಿದ ನೆಲದ ಬಣ್ಣಕ್ಕೆ ಅದು ಹೊಂದಿರಲಿಲ್ಲ. ಆಕೆ ಅದರ ಮೇಲೆ ಚಾಪೆ ಹಾಸಿ, ಅಂಗೈಯಿಂದ ತಟ್ಟಿ ಸರಿ ಮಾಡಿದರು.

“ಕೂತ್ಕಳ್ರಿ ಮೇಡಮ್. ಈಗ ಮನ್ಯಾಗೆ ಜಾಗಕ್ಕೇನೂ ಕಮ್ಮಿ ಇಲ್ಲ.”

ನಾನು ಕೂತೆ. ಚಾಪೆಯ ಕೆಳಗೆ ನೆಲ ಇನ್ನೂ ಹಸಿಯಾಗಿತ್ತು.